ತೋಟದ ದಾರಿಗಾಗಿ ನಾನೇ ಹೂಡಿ, ನಾನೇ ನಡೆಸಿದ ದಾವಾ

ನಮ್ಮ ಅಡಿಕೆ ತೋಟಕ್ಕೆ ಹೋಗುವ ಬಂಡಿದಾರಿಯ ವಿಷಯದಲ್ಲಿ ವಕೀಲರನ್ನು ನೇಮಿಸಿಕೊಳ್ಳದೆ ನಾನೇ ದಾವಾ ಹೂಡಿ ನಡೆಸಿದ ಸಂಗತಿ ತೀರ್ಥಹಳ್ಳಿ ಸುತ್ತಿನ ಊರುಗಳಲ್ಲಿ ತಿಳಿದ ಮೇಲೆ, ಅಂಥದೇ ತಕರಾರು ಇರುವ ಹಲವರು ಮನೆಗೆ ಬಂದು ಎರಡು ಪ್ರಶ್ನೆ ಕೇಳುತ್ತಾರೆ. ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶವಿದೆಯೇ ಎಂಬುದು ಮೊದಲನೆಯದು. ಮಾಡಿದರೆ ಗೆಲ್ಲುವುದು ಸಾಧ್ಯವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸರಳವಾಗಿದೆ, ಅವಕಾಶ ಇದೆ. ಎರಡನೆಯದಕ್ಕೆ ನಾನು ಕೊಡುವ ಉತ್ತರವೆಂದರೆ, ನ್ಯಾಯಾಲಯದಲ್ಲಿ ನಾವು ಎಷ್ಟು ಚೆನ್ನಾಗಿ ಮಾತನಾಡುತ್ತೇವೆ ಎನ್ನುವುದಕ್ಕಿಂತ, ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲಿ ಕುಳಿತು ವಾದಪತ್ರವನ್ನು, ಅಂದರೆ ನಮ್ಮ ಸಂಗತಿಯನ್ನೂ ಕೋರಿಕೆಯನ್ನೂ ಹೇಳಿ ದಾವೆ ಹೂಡುವ ಕಾಗದವನ್ನು, ಹೇಗೆ ಬರೆದಿದ್ದೇವೆ ಎನ್ನುವುದೇ ಹೆಚ್ಚಿನ ಪಾಲನ್ನು ತೀರ್ಮಾನಿಸುತ್ತದೆ. ವಾದಪತ್ರದಲ್ಲಿ ಇಲ್ಲದ ಸಂಗತಿಯನ್ನು ಆಮೇಲೆ ಸಾಕ್ಷಿ ಕಟಕಟೆಯಲ್ಲಿ ನಿಂತು ಎಷ್ಟು ಹೇಳಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಹೆಚ್ಚಿನ ಜಾಗವನ್ನು ಆ ಕಾಗದಕ್ಕೇ ಕೊಡುತ್ತಿದ್ದೇನೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 1ನೇ ನಿಯಮದ ಪ್ರಕಾರ ಪಕ್ಷಕಾರನು ಖುದ್ದಾಗಿಯೂ, ಮಾನ್ಯತೆಯುಳ್ಳ ಏಜೆಂಟರ ಮೂಲಕವೂ, ವಕೀಲರ ಮೂಲಕವೂ ಹಾಜರಾಗಬಹುದು. ಆದರೆ ಖುದ್ದಾಗಿ ನಡೆಸುವ ಹಕ್ಕು ಅವರವರ ವ್ಯಾಜ್ಯಕ್ಕೆ ಮಾತ್ರ ಸೀಮಿತ ಎಂಬುದನ್ನು ನಮ್ಮ ಕಡೆಯವರು ಗಮನಿಸಬೇಕು. ಪಹಣಿಯಲ್ಲಿ ಅಣ್ಣ ತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಅವರೂ ದಾವೆಯಲ್ಲಿ ಪಕ್ಷಕಾರರಾಗಬೇಕಾಗುತ್ತದೆ, ಮತ್ತು ಒಬ್ಬರು ಉಳಿದವರ ಪರವಾಗಿ ವಕೀಲರಂತೆ ವಾದ ಮಂಡಿಸುವುದು ಹಕ್ಕಿನ ಮಾತಲ್ಲ. 1961ರ ವಕೀಲರ ಕಾಯ್ದೆಯ 32ನೇ ಕಲಮಿನಡಿ ನ್ಯಾಯಾಲಯ ಆ ಪ್ರಕರಣಕ್ಕೆಂದು ಅನುಮತಿ ಕೊಟ್ಟರೆ ಮಾತ್ರ ಸಾಧ್ಯ. ತಂದೆ ಊರಿನಲ್ಲಿ, ಮಗ ಬೆಂಗಳೂರಿನಲ್ಲಿ ಇರುವ ಮನೆಗಳಲ್ಲಿ ಮಗನ ಹೆಸರಿಗೆ ಅಧಿಕಾರಪತ್ರ ಬರೆಸಿಕೊಟ್ಟು ಎಲ್ಲವನ್ನೂ ಅವನೇ ನೋಡಿಕೊಳ್ಳಲಿ ಎನ್ನುವುದು ಈಗ ಸಾಮಾನ್ಯವಾಗಿದೆ. ಅಧಿಕಾರಪತ್ರ ಪಡೆದವನು ಅರ್ಜಿ ಸಲ್ಲಿಸಬಹುದು, ವಾಯಿದೆಗೆ ಹಾಜರಾಗಬಹುದು. ತಂದೆಗೆ ಮಾತ್ರ ಸ್ವತಃ ತಿಳಿದಿರುವ ಸಂಗತಿಗೆ ತಂದೆಯ ಬದಲು ಸಾಕ್ಷಿ ನುಡಿಯಲು ಅವನಿಗೆ ಬರುವುದಿಲ್ಲ, ಇದನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಐವತ್ತು ವರ್ಷ ಆ ದಾರಿಯಲ್ಲಿ ನಡೆದ ಹಿರಿಯರೇ ಬಂದು ಹೇಳಬೇಕು.

ಯಾವ ವ್ಯಾಜ್ಯವನ್ನು ಒಬ್ಬರೇ ನಡೆಸಬಹುದು, ಯಾವುದನ್ನು ನಡೆಸಬಾರದು ಎಂಬುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಚೀಟಿ, ಚೆಕ್ಕು ಅಥವಾ ಲೆಕ್ಕದ ಪುಸ್ತಕ ಇರುವ ಹಣ ವಸೂಲಿ ದಾವೆ, ಒಂದೇ ದಾರಿ ಅಥವಾ ಒಂದೇ ನೀರಿನ ಕಾಲುವೆಯ ತಕರಾರು, ಇವನ್ನು ತಾಳ್ಮೆಯಿಂದ ಓದಿಕೊಳ್ಳುವ ಮನುಷ್ಯ ನಡೆಸಬಹುದು. ಎರಡು ತಲೆಮಾರಿನ ಪಾಲು ವಿಭಾಗದ ದಾವೆ, ಮರಣಶಾಸನದ ಸಾಚಾತನದ ಪ್ರಶ್ನೆ, ಗೇಣಿ ಮತ್ತು ಭೂ ಸುಧಾರಣೆಯ ಹಳೆಯ ಆದೇಶಗಳು ನಡುವೆ ಬರುವ ಹಕ್ಕಿನ ವಿವಾದ, ಇವುಗಳಲ್ಲಿ ಅನುಭವಿ ವಕೀಲರಿಲ್ಲದೆ ಕಾಲಿಡಬಾರದು. 1961ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಗೇಣಿಯ ಪ್ರಶ್ನೆಗಳನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುವಂತೆಯೇ ಇಲ್ಲ. ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹ ನಡೆದ ಈ ಸೀಮೆಯಲ್ಲಿ ಎಷ್ಟೋ ಜಮೀನುಗಳ ಮೂಲ ದಾಖಲೆ ಭೂ ನ್ಯಾಯಮಂಡಳಿಯ ಆದೇಶವೇ ಆಗಿರುವುದರಿಂದ ಇದನ್ನು ಲಘುವಾಗಿ ನೋಡಲಾಗದು. ವಕೀಲರ ಶುಲ್ಕ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಯಾರೂ ಒಬ್ಬರೇ ಹೋಗಬಾರದು. ತನ್ನ ಸಂಗತಿ ತನಗೆ ಪೂರ್ಣವಾಗಿ ಗೊತ್ತಿದೆ, ಅದಕ್ಕೆ ಕಾಗದವಿದೆ, ಸಾಕ್ಷಿಯಿದೆ ಎಂಬ ಭರವಸೆಯಿದ್ದರೆ ಹೋಗಬೇಕು.

ನಮ್ಮ ವಿಷಯ ಹೀಗಿತ್ತು. ಮನೆಯಿಂದ ತೋಟಕ್ಕೆ ಹೋಗುವ ಬಂಡಿದಾರಿ ಪಕ್ಕದವರ ಜಮೀನಿನ ಅಂಚಿನಲ್ಲಿ ಹಾದುಹೋಗುತ್ತದೆ. ನನ್ನ ಅಜ್ಜನ ಕಾಲದಿಂದ ಗೊಬ್ಬರ, ಸೊಪ್ಪು, ಅಡಿಕೆ ಗೊನೆ ಎಲ್ಲವೂ ಆ ದಾರಿಯಲ್ಲೇ ಗಾಡಿಯ ಮೇಲೆ ಸಾಗಿವೆ. ಅವರು ಅಲ್ಲಿ ಹೊಸದಾಗಿ ಸಸಿ ಹಾಕಿದಾಗ ದಾರಿಗೆ ಅಡ್ಡಲಾಗಿ ಅಗಳ ತೋಡಿಸಿ, ಕಾಲುದಾರಿ ಬಿಡುತ್ತೇವೆ, ಗಾಡಿ ಬಿಡುವುದಿಲ್ಲ ಎಂದರು. ಪಂಚಾಯಿತಿ ಮಾಡಿದ ಹಿರಿಯರ ಮಾತಿಗೂ ಒಪ್ಪಲಿಲ್ಲ.

ಇಂಥ ತಕರಾರಿನಲ್ಲಿ ಮೊದಲು ತಿಳಿಯಬೇಕಾದದ್ದು ಆ ದಾರಿ ಕಾಗದದ ಮೇಲೆ ಏನು ಎಂಬುದು. ಗ್ರಾಮ ನಕ್ಷೆಯಲ್ಲಿ ಚುಕ್ಕಿ ಗೆರೆಯಾಗಿ ದಾರಿ ಗುರುತಾಗಿದ್ದರೆ, ಅಥವಾ ಆ ಜಾಗ ಪಹಣಿಯಲ್ಲಿ ‘ಬ’ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಬಳಕೆಯದು. ಅದನ್ನು ತೆರವು ಮಾಡಿಸಿಕೊಡುವಂತೆ ಮೊದಲು ತಹಶೀಲ್ದಾರರಿಗೆ ಅರ್ಜಿ ಕೊಡುವುದೇ ಸರಿಯಾದ ಕ್ರಮ. ದಾರಿ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಜಾಗದಲ್ಲಿ, ಹಾದುಹೋಗುತ್ತಿದ್ದರೆ ವಿಷಯ ಬೇರೆ. ಸೊಪ್ಪಿನಬೆಟ್ಟದ ಮೇಲೆ ತೋಟದವರಿಗೆ ಇರುವುದು 1964ರ ಭೂ ಕಂದಾಯ ಕಾಯ್ದೆಯ 79ನೇ ಕಲಮಿನಡಿಯ ಸವಲತ್ತೇ ಹೊರತು ಒಡೆತನವಲ್ಲ. ಅಲ್ಲಿ ಸರ್ಕಾರವನ್ನು ಪ್ರತಿವಾದಿಯನ್ನಾಗಿ ಮಾಡಬೇಕಾಗಿ ಬಂದರೆ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ಮುಂಚಿತ ನೋಟಿಸು ಕೊಡಬೇಕು; ತೀರಾ ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆ ಹೂಡುವುದಕ್ಕೂ ಅವಕಾಶವಿದೆ. ನಮ್ಮ ದಾರಿ ಪೂರ್ತಿಯಾಗಿ ಖಾಸಗಿ ಸರ್ವೆ ನಂಬರಿನೊಳಗೆ ಇದ್ದದ್ದರಿಂದ, ಮತ್ತು ಗ್ರಾಮ ನಕ್ಷೆಯಲ್ಲಿ ಕಾಣದಿದ್ದದ್ದರಿಂದ ಸಿವಿಲ್ ನ್ಯಾಯಾಲಯಕ್ಕೆ ಹೋಗುವುದೊಂದೇ ದಾರಿಯಾಗಿ ಉಳಿಯಿತು.

ಬೇರೆಯವರ ಜಮೀನಿನಲ್ಲಿ ನಡೆಯುವ ಹಕ್ಕು ಕೇಳುವವರು ತಮ್ಮ ಹಕ್ಕು ಎಲ್ಲಿಂದ ಬಂದದ್ದು ಎಂದು ಖಚಿತವಾಗಿ ಬರೆಯಬೇಕು. ಒಂದೇ ಕುಟುಂಬದ ಜಮೀನು ಪಾಲಾಗಿ, ಒಂದು ಪಾಲಿಗೆ ಬೇರೆ ದಾರಿಯೇ ಇಲ್ಲದಂತಾದಾಗ ಹುಟ್ಟುವ ಅನಿವಾರ್ಯತೆಯ ಹಕ್ಕು ಒಂದು. ಇಪ್ಪತ್ತು ವರ್ಷ ಬಹಿರಂಗವಾಗಿ, ಜಗಳವಿಲ್ಲದೆ, ತಡೆಯಿಲ್ಲದೆ, ಹಕ್ಕೆಂದೇ ಬಳಸಿದ್ದರಿಂದ ಬರುವ ಹಕ್ಕು ಇನ್ನೊಂದು. ಈ ಎರಡನೆಯದರಲ್ಲಿ ಒಂದು ಗಡುವು ಅಡಗಿದೆ. ಆ 20 ವರ್ಷಗಳ ಬಳಕೆ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಕೊನೆಗೊಂಡಿರಬೇಕು. ಅಂದರೆ ದಾರಿ ಬಂದಾದ ಮೇಲೆ ರಾಜಿಯ ಮಾತಿನಲ್ಲೇ ಮೂರು ನಾಲ್ಕು ಮಳೆಗಾಲ ಕಳೆದರೆ ಹಕ್ಕೇ ಕೈಬಿಡುತ್ತದೆ. ನಮ್ಮ ಊರುಗಳಲ್ಲಿ ಎಷ್ಟೋ ನ್ಯಾಯವಾದ ದಾರಿಗಳು ಹೀಗೆ ಹೋಗಿವೆ ಎಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

‘ಹಕ್ಕೆಂದೇ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ನಾವು ಮಲೆನಾಡಿನವರು ಮರ್ಯಾದೆಗಾಗಿ, ‘ಅವರು ಬಿಟ್ಟಿದ್ದರು, ನಾವು ಹೋಗುತ್ತಿದ್ದೆವು’ ಎಂದು ಸಹಜವಾಗಿ ಹೇಳಿಬಿಡುತ್ತೇವೆ. ನೆರೆಯವರ ಬಗ್ಗೆ ಒಳ್ಳೆಯ ಮಾತಾಡುವ ಆ ಅಭ್ಯಾಸ ನ್ಯಾಯಾಲಯದಲ್ಲಿ ದಾವೆಯನ್ನೇ ಮುಳುಗಿಸುತ್ತದೆ, ಏಕೆಂದರೆ ಅನುಮತಿಯಿಂದ ನಡೆದ ದಾರಿಯಲ್ಲಿ ಎಷ್ಟು ವರ್ಷ ನಡೆದರೂ ಹಕ್ಕು ಹುಟ್ಟುವುದಿಲ್ಲ. ಯಾರನ್ನೂ ಕೇಳದೆ ನಡೆದದ್ದು ನಿಜವಾದರೆ ಅದನ್ನು ಅಷ್ಟೇ ನೇರವಾಗಿ ಬರೆಯಬೇಕು, ಕೇಳಿ ನಡೆದದ್ದು ನಿಜವಾದರೆ ಈ ದಾವೆಯನ್ನು ಹೂಡಲೇಬಾರದು. ಹಾಗೆಯೇ ದಾರಿ ತನ್ನದೇ ಜಾಗ ಎಂದೂ, ನೆರೆಯವರ ಜಾಗದಲ್ಲಿ ತನಗೆ ನಡೆಯುವ ಹಕ್ಕಿದೆ ಎಂದೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡೂ ನಿಲ್ಲುವುದಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 2ನೇ ನಿಯಮ ವಾದಪತ್ರದಲ್ಲಿ ಮುಖ್ಯ ಸಂಗತಿಗಳನ್ನು ಹೇಳಬೇಕು, ಸಾಕ್ಷ್ಯವನ್ನು ಹೇಳಬಾರದು ಎನ್ನುತ್ತದೆ. ಈ ವ್ಯತ್ಯಾಸ ನನಗೆ ಅರ್ಥವಾದದ್ದು ನಮ್ಮ ಬೇಲಿಯಿಂದ. ಆ ದಾರಿ ಬೇಲಿಯನ್ನು ದಾಟುವ ಜಾಗದಲ್ಲಿ ಉಣುಗೋಲು ಇತ್ತು. ತಡಬೆಯಾಗಿದ್ದರೆ ಮನುಷ್ಯರು ಮಾತ್ರ ಹತ್ತಿ ಇಳಿದು ದಾಟುತ್ತಾರೆ; ಉಣುಗೋಲಿನ ಗಳುಗಳನ್ನು ಸರಿಸಿದರೆ ಗಾಡಿ ಹೋಗುತ್ತದೆ. ಎತ್ತಿನ ಗಾಡಿ ಆ ದಾರಿಯಲ್ಲಿ ಹೋಗುತ್ತಿತ್ತು ಎಂಬುದು ಮುಖ್ಯ ಸಂಗತಿ, ಅದು ವಾದಪತ್ರದಲ್ಲಿ ಇರಲೇಬೇಕು. ಉಣುಗೋಲು ಇತ್ತು ಎಂಬುದು ಅದನ್ನು ಸಾಬೀತು ಮಾಡುವ ಸಾಕ್ಷ್ಯ, ಅದರ ಜಾಗ ಮುಂದೆ ಬರುತ್ತದೆ. ಬರೀ ‘ನಾವು ಓಡಾಡುತ್ತಿದ್ದೆವು’ ಎಂದು ಬರೆದು ಗಾಡಿಯ ಮಾತನ್ನು ಬಿಟ್ಟಿದ್ದರೆ, ಉಣುಗೋಲಿನ ಬಗ್ಗೆ ಎಷ್ಟು ಸಾಕ್ಷಿ ಬಂದರೂ ಕಾಲುದಾರಿಗಿಂತ ಹೆಚ್ಚಿನದು ಸಿಗುತ್ತಿರಲಿಲ್ಲ. ನೆರೆಯವರ ಸ್ವಭಾವ, ಹಳೆಯ ಜಗಳ, ಆಡಿದ ಮಾತುಗಳು ಇವುಗಳಿಗೆ ವಾದಪತ್ರದಲ್ಲಿ ಜಾಗವಿಲ್ಲ, ಅವು ಓದುವವರ ಗಮನವನ್ನು ಬೇರೆಡೆಗೆ ಎಳೆಯುತ್ತವೆ.

7ನೇ ಆದೇಶದ 1ನೇ ನಿಯಮ ಏನೇನು ಇರಬೇಕೆಂದು ಹೇಳುತ್ತದೆ: ನ್ಯಾಯಾಲಯದ ಹೆಸರು, ವಾದಿ ಪ್ರತಿವಾದಿಗಳ ಹೆಸರು ವಿಳಾಸ, ವ್ಯಾಜ್ಯಕಾರಣ ಯಾವಾಗ ಎಲ್ಲಿ ಹುಟ್ಟಿತು, ಆ ನ್ಯಾಯಾಲಯಕ್ಕೆ ಅಧಿಕಾರವಿದೆ ಎಂದು ತೋರಿಸುವ ಸಂಗತಿ, ಕೇಳುವ ಪರಿಹಾರ, ದಾವಾದ ಮೌಲ್ಯ. ಸ್ಥಿರಾಸ್ತಿಯಾದ್ದರಿಂದ ಷೆಡ್ಯೂಲಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಕೊಡಬೇಕು. ದಾರಿಗೆ ಪ್ರತ್ಯೇಕವಾದ ಷೆಡ್ಯೂಲನ್ನು ಬರೆದು, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎಷ್ಟು ಅಡಿ ಅಗಲ, ಎಡಬಲಕ್ಕೆ ಏನಿದೆ ಎಂದು ಹೇಳಿ, ಕೈನಕ್ಷೆಯನ್ನು ಜೊತೆಗೆ ಇಡುವುದು ಬಹಳ ಉಪಯೋಗಕ್ಕೆ ಬರುತ್ತದೆ. ಗೆದ್ದ ಮೇಲೆ ಡಿಕ್ರಿಯನ್ನು ಅಮಲ್ಜಾರಿ ಮಾಡಿಸುವಾಗ ನ್ಯಾಯಾಲಯದ ಅಮೀನರು ನೋಡುವುದು ಆ ಷೆಡ್ಯೂಲನ್ನೇ.

ಪರಿಹಾರ ಕೇಳುವಲ್ಲಿ ಹೆಚ್ಚಿನ ವಿವೇಚನೆ ಬೇಕು. ಮುಂದೆ ಅಡ್ಡಿಪಡಿಸಬಾರದೆಂಬ ಶಾಶ್ವತ ನಿರ್ಬಂಧಕಾಜ್ಞೆ ಮಾತ್ರ ಕೇಳಿದರೆ ಈಗಾಗಲೇ ತೋಡಿರುವ ಅಗಳ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಮಗೆ ದಾರಿಯ ಹಕ್ಕಿದೆ ಎಂಬ ಘೋಷಣೆ, ಅಗಳವನ್ನು ಮುಚ್ಚಬೇಕೆಂಬ ಆಜ್ಞಾಪಕ ನಿರ್ಬಂಧಕಾಜ್ಞೆ, ಮುಂದಕ್ಕೆ ಶಾಶ್ವತ ನಿರ್ಬಂಧಕಾಜ್ಞೆ, ಈ ಮೂರನ್ನೂ ಕೇಳಿದೆ. ಒಂದೇ ವ್ಯಾಜ್ಯಕಾರಣದಿಂದ ಸಿಗಬಹುದಾದ ಪರಿಹಾರವನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಬಿಟ್ಟರೆ ಅದಕ್ಕಾಗಿ ಮತ್ತೊಂದು ದಾವೆ ಹೂಡಲು 2ನೇ ಆದೇಶದ 2ನೇ ನಿಯಮ ಬಿಡುವುದಿಲ್ಲ. ವಿಚಾರಣೆ ಶುರುವಾದ ಮೇಲೆ ವಾದಪತ್ರ ತಿದ್ದಲು, ಎಷ್ಟೇ ಎಚ್ಚರ ವಹಿಸಿದರೂ ಅದನ್ನು ಮೊದಲೇ ಹೇಳಲಾಗುತ್ತಿರಲಿಲ್ಲ ಎಂದು ಮನವರಿಕೆ ಮಾಡಿಕೊಡಬೇಕು.

ವಾದಪತ್ರವನ್ನು ಕನ್ನಡದಲ್ಲೇ ಬರೆಯಬಹುದು. ಕೆಳಗಿನ ನ್ಯಾಯಾಲಯಗಳ ಭಾಷೆ ಕನ್ನಡವೇ ಆಗಿರುವಾಗ, ತನ್ನ ದಾವೆ ತಾನೇ ನಡೆಸುವವನು ತನಗೆ ಪೂರ್ಣವಾಗಿ ಹಿಡಿತವಿಲ್ಲದ ಇಂಗ್ಲಿಷಿನಲ್ಲಿ ಬೇರೆಯವರಿಂದ ಬರೆಸಿ ಸಹಿ ಹಾಕುವುದು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ. ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದವರು ಪ್ರಶ್ನಿಸುವಾಗ, ಪ್ರತಿ ವಾಕ್ಯಕ್ಕೂ ಉತ್ತರ ಕೊಡಬೇಕಾದವರು ನಾವು. ಕೊನೆಯಲ್ಲಿ ಯಾವ ಪ್ಯಾರಾ ಸ್ವಂತ ತಿಳಿವಳಿಕೆಯದು, ಯಾವುದು ಕೇಳಿ ನಂಬಿದ್ದು ಎಂದು ಹೇಳುವ ಸತ್ಯಾಪನೆ ಮತ್ತು ಪ್ರತ್ಯೇಕ ಪ್ರಮಾಣಪತ್ರ (ಅಫಿಡವಿಟ್) ಬೇಕು. ಪಹಣಿ, ಕಂದಾಯ ರಸೀದಿ, ಸರ್ವೆ ಟಿಪ್ಪಣಿ, ನಕ್ಷೆ, ಪಾಲುಪತ್ರ, ಎಲ್ಲವನ್ನೂ ಪಟ್ಟಿ ಮಾಡಿ ವಾದಪತ್ರದ ಜೊತೆಗೇ ಸಲ್ಲಿಸಬೇಕು. ಆಮೇಲೆ ಕೊಡುವುದಕ್ಕೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಶುಲ್ಕ 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವಾ ಮೌಲ್ಯನಿರ್ಣಯ ಕಾಯ್ದೆಯಂತೆ. ಕಛೇರಿಯಲ್ಲಿ ಶಿರಸ್ತೇದಾರರು ವಾದಪತ್ರ ಪರಿಶೀಲಿಸಿ ಆಕ್ಷೇಪಣೆ ಬರೆದರೆ ಗಾಬರಿಯಾಗಬೇಕಿಲ್ಲ, ವಕೀಲರ ಕಾಗದಗಳಿಗೂ ಬರೆಯುತ್ತಾರೆ. ಸರಿಪಡಿಸಿಕೊಟ್ಟ ಮೇಲೆ ನಂಬರು ಬೀಳುತ್ತದೆ. ಪ್ರಕರಣವನ್ನು ಗುರುತಿಸುವ, 16 ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ವಾಯಿದೆಯ ದಿನ ಮತ್ತು ಅಂದಿನ ಆದೇಶವನ್ನು ಮೊಬೈಲಿನಲ್ಲೇ ನೋಡಬಹುದು.

ತಾತ್ಕಾಲಿಕ ತಡೆಯಾಜ್ಞೆಗೆ 39ನೇ ಆದೇಶದಡಿ ಅರ್ಜಿ ಹಾಕುವವರು ಮೇಲ್ನೋಟಕ್ಕೆ ಬಲವಾದ ಹಕ್ಕು ಇದೆ, ತಡೆ ಕೊಡದಿದ್ದರೆ ತಮಗಾಗುವ ತೊಂದರೆ ಕೊಟ್ಟರೆ ಎದುರಿನವರಿಗೆ ಆಗುವುದಕ್ಕಿಂತ ಹೆಚ್ಚು, ಆ ನಷ್ಟ ಹಣದಿಂದ ತುಂಬುವಂಥದ್ದಲ್ಲ ಎಂಬ ಮೂರನ್ನೂ ಪ್ರಮಾಣಪತ್ರದಲ್ಲಿ ತೋರಿಸಬೇಕು. ಕೊನೆಯ ಗೊನೆ ಕೊಯ್ಲಾಗುವ ಕಾಲದಲ್ಲಿ ದಾರಿ ಬಂದಾದರೆ ಏನಾಗುತ್ತದೆ ಎಂಬುದನ್ನು ನಾನು ಅಲ್ಲಿ ಬರೆದೆ. ಎದುರಿನವರಿಗೆ ನೋಟಿಸಿಲ್ಲದೆ ಆಜ್ಞೆ ಸಿಕ್ಕಿದರೆ ಅರ್ಜಿ, ಪ್ರಮಾಣಪತ್ರ, ವಾದಪತ್ರ ಮತ್ತು ದಾಖಲೆಗಳ ಪ್ರತಿಗಳನ್ನು ತಕ್ಷಣ ಅವರಿಗೆ ತಲುಪಿಸಿ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಹಾಗೆ ಮಾಡಿದ್ದಕ್ಕೆ ಅಂದೇ ಅಥವಾ ಮರುದಿನ ಪ್ರಮಾಣಪತ್ರ ಸಲ್ಲಿಸಬೇಕು.

ಪ್ರತಿವಾದಿಗೆ ಸಮನ್ಸ್ ಜಾರಿಯಾದ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಕಾರಣ ದಾಖಲಿಸಿ 90 ದಿನಗಳವರೆಗೆ ವಿಸ್ತರಿಸಬಹುದು. ಅದು ಕೈಗೆ ಬಂದಾಗ ಕೋಪದಿಂದ ಓದದೆ ಪೆನ್ಸಿಲ್ ಹಿಡಿದು ಓದಬೇಕು. ವಾದಪತ್ರದ ಯಾವ ಸಂಗತಿಯನ್ನು ಅವರು ನಿರ್ದಿಷ್ಟವಾಗಿ ಅಲ್ಲಗಳೆದಿಲ್ಲವೋ ಅದನ್ನು ಒಪ್ಪಿದಂತೆ ಎಂದು 8ನೇ ಆದೇಶದ 5ನೇ ನಿಯಮ ಹೇಳುತ್ತದೆ. ನಮ್ಮ ದಾವೆಯಲ್ಲಿ ದಾರಿ ಇದೆ ಎಂಬುದನ್ನು ಅವರು ಒಪ್ಪಿದ್ದರು, ಅದು ಕಾಲುದಾರಿ ಮಾತ್ರ ಮತ್ತು ತಮ್ಮ ಅನುಮತಿಯಿಂದ ಎಂದು ಬರೆದಿದ್ದರು. ವ್ಯಾಜ್ಯ ಅಲ್ಲಿಗೆ ಎರಡೇ ಪ್ರಶ್ನೆಗಳಿಗೆ ಇಳಿಯಿತು. ಸ್ಥಳದ ಸ್ಥಿತಿ ದಾಖಲಾಗಲೆಂದು 26ನೇ ಆದೇಶದ 9ನೇ ನಿಯಮದಡಿ ನ್ಯಾಯಾಲಯದ ಕಮಿಷನರ್ ನೇಮಕಕ್ಕೆ ಅರ್ಜಿ ಕೊಟ್ಟೆ. ಅವರ ವರದಿಯಲ್ಲಿ ಅಗಳದ ಅಳತೆಯೂ, ಅದರ ಎರಡೂ ಕಡೆ ಉಳಿದಿದ್ದ ಗಾಡಿಯ ಜಾಡೂ ಬಂದವು.

ಸಾಕ್ಷ್ಯದ ಹಂತದಲ್ಲಿ ನಮ್ಮ ಮುಖ್ಯ ವಿಚಾರಣೆ ಪ್ರಮಾಣಪತ್ರದ ರೂಪದಲ್ಲೇ ಇರುತ್ತದೆ, ದಾಖಲೆಗಳಿಗೆ ನಿಶಾನೆ, ಅಂದರೆ ಗುರುತಿನ ಸಂಖ್ಯೆ, ಬೀಳುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋ ಕೊಡುವವರು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ದೃಢೀಕರಣ ಪತ್ರವನ್ನು ಜೊತೆಗಿಡಬೇಕು. ಆಮೇಲೆ ಎದುರು ವಕೀಲರ ಪಾಟೀಸವಾಲು. ನನಗೆ ಬಂದ ಪ್ರಶ್ನೆ ನಿರೀಕ್ಷಿಸಿದ್ದೇ ಆಗಿತ್ತು: ‘ನೀವು ಪ್ರತಿವಾದಿಯ ಮನೆಯವರನ್ನು ಕೇಳಿಕೊಂಡೇ ಆ ದಾರಿಯಲ್ಲಿ ಹೋಗುತ್ತಿದ್ದಿರಿ, ಅಲ್ಲವೇ?’ ಇಲ್ಲ ಎಂದು ಹೇಳಿ ಸುಮ್ಮನಾದೆ. ಅದು ‘ಕೇಳಿಕೊಂಡು ಹೋಗುತ್ತಿದ್ದೆವು ಎಂದರೆ ಸರಿಯಲ್ಲ’ ಎಂದು ದಾಖಲಾಯಿತು. ವಿವರಣೆ ಕೊಡಲು ಹೋದರೆ ಆ ವಿವರಣೆಯಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ.

ನಾನು ಪಾಟೀಸವಾಲು ಮಾಡಬೇಕಾದಾಗ ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರುವಂತೆ ಮೊದಲೇ ಬರೆದುಕೊಂಡು ಹೋಗಿದ್ದೆ. ಪ್ರತಿವಾದಿಯ ಪರ ಸಾಕ್ಷಿಯಾಗಿ ಬಂದವರು ಊರಿನ ಹಿರಿಯರು, ನನಗೆ ಚಿಕ್ಕಂದಿನಿಂದ ಗೊತ್ತಿದ್ದವರು. ನ್ಯಾಯಾಲಯದಲ್ಲಿಯೂ ನಾನು ಅವರನ್ನು ‘ಅಯ್ಯ’ ಎಂದೇ ಕರೆದೆ. ಆ ಬೇಲಿಯನ್ನು ನೀವು ನೋಡಿದ್ದೀರಿ ಎಂದರೆ ಸರಿಯೇ ಎಂದೆ, ಸರಿ ಎಂದರು. ದಾರಿ ದಾಟುವ ಜಾಗದಲ್ಲಿ ತಡಬೆ ಇತ್ತೇ ಎಂದೆ, ಇಲ್ಲ, ಉಣುಗೋಲು ಎಂದರು. ಮನುಷ್ಯರು ಮಾತ್ರ ದಾಟುವ ಕಡೆ ಉಣುಗೋಲು ಹಾಕುವ ರೂಢಿ ನಮ್ಮ ಊರಿನಲ್ಲಿ ಇಲ್ಲ ಎಂದರೆ ಸರಿಯೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ಸರಿ ಎಂದರು. ಅಲ್ಲಿಗೆ ಪ್ರಶ್ನೆ ನಿಲ್ಲಿಸಿದೆ. ಆ ಹಿರಿಯರು ಕರೆತಂದವರ ಮುಖ ನೋಡದೆ ಕಂಡದ್ದನ್ನು ಹೇಳಿದರು, ಅವರ ಬಗ್ಗೆ ನನ್ನ ಗೌರವ ಹೆಚ್ಚಾಯಿತು.

ಒಬ್ಬರೇ ನಡೆಸುವವರಿಗೆ ವಾಯಿದೆ ತಪ್ಪುವುದು ದೊಡ್ಡ ಅಪಾಯ. ವಕೀಲರಿದ್ದರೆ ಅವರ ಪರವಾಗಿ ಕಿರಿಯರಾದರೂ ಎದ್ದು ನಿಂತು ಸಮಯ ಕೇಳುತ್ತಾರೆ. ನಮ್ಮ ಪರವಾಗಿ ಯಾರೂ ಇರುವುದಿಲ್ಲ. ಆಷಾಢದ ಮಳೆಯಲ್ಲಿ ಮರ ಬಿದ್ದು ಬಸ್ಸು ನಿಂತರೂ ಹೆಸರು ಕೂಗಿದಾಗ ನಾವು ಇಲ್ಲದೆ, ಪ್ರತಿವಾದಿ ಹಾಜರಿದ್ದರೆ, ಗೈರುಹಾಜರಿಯ ಕಾರಣಕ್ಕೆ ದಾವೆ ವಜಾ ಆಗಬಹುದು. ಹಾಗಾದರೆ 9ನೇ ಆದೇಶದ 9ನೇ ನಿಯಮದಡಿ ಪುನಃಸ್ಥಾಪನೆಗೆ ಅರ್ಜಿ ಹಾಕಲು 30 ದಿನಗಳ ಕಾಲಮಿತಿ ಇದೆ. ಮಳೆಗಾಲದ ವಾಯಿದೆಗಳಿಗೆ ಹಿಂದಿನ ದಿನವೇ ಪೇಟೆಗೆ ಬಂದು ನೆಂಟರ ಮನೆಯಲ್ಲಿ ಉಳಿಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ.

ಒಬ್ಬರೇ ಹೋಗುವುದೆಂದರೆ ಯಾರ ಸಲಹೆಯನ್ನೂ ಪಡೆಯಬಾರದೆಂದು ಅರ್ಥವಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯನ್ನು ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಸರ್ಕಾರ ಗೊತ್ತುಮಾಡಿದ ಆದಾಯದ ಮಿತಿಯಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಗಂಡನನ್ನು ಕಳೆದುಕೊಂಡು ತೋಟ ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳು ನನ್ನ ಬಳಿ ಕೇಳಲು ಬಂದಾಗ ನಾನು ಮೊದಲು ಹೇಳುವುದು ಇದನ್ನೇ. ರಾಜಿಯಾಗುವಂತಿದ್ದರೆ ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು. ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸಾಗುತ್ತದೆ, ಅಲ್ಲಿನ ಅವಾರ್ಡಿನ ಮೇಲೆ ಮೇಲ್ಮನವಿ ಇರುವುದಿಲ್ಲ. ನಾವೂ ಕೂತು ಮಾತನಾಡಿದೆವು, ಗಾಡಿಯ ವಿಷಯದಲ್ಲಿ ಒಪ್ಪಂದ ಆಗಲಿಲ್ಲ.

ತೀರ್ಪಿನಲ್ಲಿ ಗಾಡಿ ಹೋಗುವ ಹಕ್ಕನ್ನು ಘೋಷಿಸಿ, ಅಗಳವನ್ನು ಮುಚ್ಚಿಸಿಕೊಡಲು ಪ್ರತಿವಾದಿಗೆ ಅವಧಿ ಗೊತ್ತುಮಾಡಿದರು. ನಾನು ಕೇಳಿದ್ದ ಹತ್ತು ಅಡಿ ಅಗಲದ ಬದಲು, ಕಮಿಷನರ್ ವರದಿಯಲ್ಲಿ ಜಾಡಿನ ಅಗಲವೆಂದು ಬಂದಿದ್ದ ಎಂಟು ಅಡಿಯನ್ನು ಒಪ್ಪಿದರು. ಅದು ನ್ಯಾಯವಾದದ್ದೇ, ನಾನು ಅದರ ಮೇಲೆ ಹೋಗಲಿಲ್ಲ. ತೀರ್ಪಾದ ದಿನವೇ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಜಿಲ್ಲಾ ನ್ಯಾಯಾಲಯಕ್ಕಾಗಲಿ, ಹಿರಿಯ ವಿಭಾಗದ ನ್ಯಾಯಾಲಯಕ್ಕಾಗಲಿ ಮೇಲ್ಮನವಿ ಹೋಗಲು ಇರುವುದು 30 ದಿನ. ನಕಲು ಸಿಗಲು ತಗಲುವ ಸಮಯವನ್ನು ಅದರಿಂದ ಕಳೆಯುತ್ತಾರೆ, ಆದರೆ ಹಾಗೆ ಕಳೆಯುವುದು ಅರ್ಜಿ ಹಾಕಿದ ದಿನದಿಂದ ಮಾತ್ರ. ಗೆದ್ದವರಿಗೂ ಆ ನಕಲು ಬೇಕು, ಅಗಳ ಮುಚ್ಚದಿದ್ದರೆ ಅಮಲ್ಜಾರಿ ಅರ್ಜಿಯ ಜೊತೆಗೆ ಇಡಬೇಕಾದದ್ದು ಅದೇ.